ಬಾಗಿಲ ಹಿಂದಿನ ವಚನ

ನಮ್ಮತ್ತೆ ಎಸ್ತೇರವ್ವನ ಬಾಯಲ್ಲಿ ಉಗುಳಿಗಿಂತ ವಚನವೇ ಹೆಚ್ಚು ಎಂದು ಶಿಗ್ಗಾಂವದ ನಮ್ಮ ಚರ್ಚಿನ ಸಭೆಯವರೆಲ್ಲ ಹೇಳುತ್ತಿದ್ದರು. ಬೆನ್ನ ಹಿಂದೆ ಹೇಳುತ್ತಿದ್ದರು, ಎದುರಿಗೆ ಹೇಳುವ ಧೈರ್ಯ ಯಾರಿಗಿತ್ತು? ನಾನು ಹಾನಗಲ್ಲಿನಿಂದ ಸೊಸೆಯಾಗಿ ಬಂದ ಮರುದಿನ ಏಳುವುದು ಸ್ವಲ್ಪ ತಡವಾಯಿತು. ಮದುವೆಯ ಓಡಾಟದಲ್ಲಿ ದಣಿದ ಹೆಣ್ಣಿಗೆ ಕೋಳಿ ಕೂಗಿದ್ದು ಎಲ್ಲಿ ಕೇಳಬೇಕು? ಒಲೆಯ ಮುಂದೆ ಕೂತಿದ್ದ ಅತ್ತೆ ನನ್ನ ಮುಖವನ್ನೂ ನೋಡದೆ, ಸೋಮಾರಿ ಇರುವೆಯನ್ನು ನೋಡಿ ಬುದ್ಧಿ ಕಲಿಯಬೇಕೆಂಬ ವಚನವನ್ನು ಅಧ್ಯಾಯದ ಸಮೇತ ಹೇಳಿದರು. ರೊಟ್ಟಿ ಸೀದರೆ ಒಂದು ವಚನ, ನಕ್ಕರೆ ಒಂದು, ಅತ್ತರೆ ಇನ್ನೊಂದು. ಸತ್ಯವೇದದಲ್ಲಿ ಸಮಾಧಾನದ ಮಾತುಗಳೂ ಬೇಕಾದಷ್ಟಿವೆ ಎಂದು ನನಗೆ ತವರಿನಲ್ಲೇ ಗೊತ್ತಿತ್ತು. ನಮ್ಮತ್ತೆಯ ನಾಲಗೆಗೆ ಮಾತ್ರ ಅವು ಹತ್ತುತ್ತಿರಲಿಲ್ಲ.

ಮಾವ ಸಭೆಯ ಹಿರಿಯರಾಗಿದ್ದವರು, ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಸಾಮುವೇಲ ಬಡಿಗ. ಚಕ್ಕಡಿಯ ಗಾಲಿ ಮಾಡುವುದರಲ್ಲಿ ಎತ್ತಿದ ಕೈ, ತಾಯಿಯ ಮುಂದೆ ಮಾತ್ರ ಮೂಕ ಬಸವ. ಹೀಗಾಗಿ ಮನೆಯಲ್ಲಿ ವಚನದ ಏಟು ಬೀಳುತ್ತಿದ್ದದ್ದು ನನ್ನೊಬ್ಬಳ ಮೇಲೆ. ನನಗೂ ಬಾಯಿ ಕಡಿಮೆಯಿರಲಿಲ್ಲ, ಆದರೆ ದೇವರ ಮಾತಿಗೆ ಎದುರು ಮಾತು ಎಲ್ಲಿಂದ ತರಲಿ? ಹಲ್ಲು ಕಚ್ಚಿಕೊಂಡು ಹಿಟ್ಟು ನಾದುತ್ತಿದ್ದೆ.

ಹೊಸ ವರ್ಷದ ದಿನ ವಚನ ತೆಗೆಯುವುದು ನಮ್ಮ ಸಭೆಯ ರೂಢಿ. ಒಂದು ತಗಡಿನ ಡಬ್ಬಿಯ ತುಂಬ ದಪ್ಪ ಕಾಗದದ ಚೀಟಿಗಳು, ಒಂದೊಂದರ ಮೇಲೂ ಸತ್ಯವೇದದ ಒಂದೊಂದು ವಚನ. ಮನೆಗೊಬ್ಬರಂತೆ ಎದ್ದು ಹೋಗಿ, ಕಣ್ಣು ಮುಚ್ಚಿ, ಡಬ್ಬಿಯೊಳಗೆ ಕೈಹಾಕಿ ಒಂದು ಚೀಟಿ ತೆಗೆಯಬೇಕು. ಸಭೆ ನಡೆಸುವ ಉಪದೇಶಿಯವರು ಅದನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಅಲ್ಲಿಂದ ಮುಂದೆ ವರ್ಷವಿಡೀ ಅದು ಆ ಮನೆಯ ವಚನ. ಬಾಗಿಲಿಗೆ ಎದುರಾಗಿ ಗೋಡೆಗೆ ತೂಗುಹಾಕಬೇಕು, ಬಂದು ಹೋಗುವವರೆಲ್ಲ ಓದಬೇಕು. ತಿಂಗಳಿಗೊಮ್ಮೆ ಉಪದೇಶಿಯವರು ಮನೆಗೆ ಬಂದಾಗ ಅದನ್ನೇ ಓದಿ ಪ್ರಾರ್ಥನೆ ಮಾಡುತ್ತಾರೆ. ಆ ಮನೆಗೆಂದೇ ದೇವರು ಕಳಿಸಿದ ಮಾತು ಅದು ಎಂದು ನಾವೆಲ್ಲ ನಂಬಿದ್ದೆವು.

ಮೂವತ್ತೇಳನೆಯ ಇಸವಿಯ ಹೊಸ ವರ್ಷ. ಯಾವತ್ತಿನ ಹಾಗೆ ಅತ್ತೆಯೇ ಮೊದಲು ಎದ್ದರು. ಕೈಯಲ್ಲಿ ಮುಷ್ಟಿ ಜೋಳದ ಚೀಲವಿತ್ತು. ಅಡಿಗೆಗೆ ಅಳೆಯುವಾಗಲೆಲ್ಲ ಒಂದು ಮುಷ್ಟಿ ಜೋಳವನ್ನು ದೇವರ ಹೆಸರಿನಲ್ಲಿ ತೆಗೆದಿಟ್ಟು, ಗಡಿಗೆ ತುಂಬಿದ ಮೇಲೆ ಕಾಣಿಕೆಯಾಗಿ ತಂದುಕೊಡುವುದು ನಮ್ಮ ಹೆಂಗಸರ ಪದ್ಧತಿ. ಆ ಚೀಲವನ್ನು ಎದೆಗೆ ಒತ್ತಿಕೊಂಡೇ ಅತ್ತೆ ಡಬ್ಬಿಗೆ ಕೈಹಾಕಿ ಚೀಟಿ ತೆಗೆದು ಕೊಟ್ಟರು. ಉಪದೇಶಿ ಸೀಮೋನಪ್ಪನವರು ಮೆತ್ತಗಿನ ಮನುಷ್ಯ, ಯಾರನ್ನೂ ನೋಯಿಸುವವರಲ್ಲ. ಚೀಟಿಯ ಮೇಲೆ ಕಣ್ಣಾಡಿಸಿದವರು ಒಂದು ಗಳಿಗೆ ತಡವರಿಸಿದರು. ಆಮೇಲೆ ಓದಲೇಬೇಕಲ್ಲ, ಓದಿದರು. ನಿನ್ನ ಒಡಹುಟ್ಟಿದವರಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವರೊಂದಿಗೆ ಸಮಾಧಾನ ಮಾಡಿಕೋ, ಆಮೇಲೆ ಬಂದು ಕಾಣಿಕೆ ಕೊಡು ಎಂದು ಕರ್ತನು ಹೇಳಿದ ಮಾತು ಅದು.

ಚರ್ಚಿನಲ್ಲಿ ಯಾರೂ ಕೆಮ್ಮಲಿಲ್ಲ ಕೂಡ. ಯಾಕೆಂದರೆ ಅತ್ತೆಗೆ ಸವಣೂರಿನಲ್ಲಿ ಒಬ್ಬ ತಂಗಿಯಿದ್ದಾಳೆ, ಅವಳೊಂದಿಗೆ ಅತ್ತೆಗೆ ಮಾತಿಲ್ಲ ಎಂಬುದು ಸಭೆಯ ಕೂಸುಕುನ್ನಿಗೂ ಗೊತ್ತಿತ್ತು. ರಾಹೇಲ ಎಂದು ಅವಳ ಹೆಸರು. ನನ್ನ ಗಂಡ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವಳು ಸವಣೂರಿನ ಒಬ್ಬ ವೀಳ್ಯದೆಲೆ ವ್ಯಾಪಾರಿಯನ್ನು ಮದುವೆಯಾಗಿ, ಅವನ ಮತಕ್ಕೆ ಸೇರಿ ರಹಿಮಾಬಿಯಾದಳು. ಸಭೆ ಅವಳ ಹೆಸರನ್ನು ಹೊಡೆದುಹಾಕಿತು. ಮುಂದೆ ಅವರ ತಾಯಿ ನಮ್ಮ ಮನೆಯಲ್ಲೇ ಕೊನೆಯ ಹಾಸಿಗೆ ಹಿಡಿದಾಗ, ಸುದ್ದಿ ಕೇಳಿ ರಹಿಮಾಬಿ ಹಸುಗೂಸನ್ನು ಕಟ್ಟಿಕೊಂಡು ಬಾಗಿಲಿಗೆ ಬಂದಳಂತೆ. ಅತ್ತೆ ಹೊಸ್ತಿಲಲ್ಲಿ ಅಡ್ಡ ನಿಂತು, ಅವ್ವನಿಗೆ ನಿನ್ನ ಮುಖ ನೋಡುವುದು ಬೇಡವಾಗಿದೆ ಎಂದು ಹೇಳಿ, ಅದರ ಮೇಲೆ ಬೆಳಕಿಗೂ ಕತ್ತಲೆಗೂ ಎಂಥ ಕೂಟ ಎಂಬರ್ಥದ ವಚನ ಹೇಳಿ ಬಾಗಿಲು ಹಾಕಿದರಂತೆ. ಸಂಜೆಯವರೆಗೆ ಕಟ್ಟೆಯ ಮೇಲೆ ಕೂತಿದ್ದ ತಂಗಿ ಎದ್ದು ಹೋದಳು. ಅದೇ ರಾತ್ರಿ ತಾಯಿ ತೀರಿಕೊಂಡಳು. ಆಗ ಸಭೆಯವರೆಲ್ಲ ಎಸ್ತೇರವ್ವನ ವಿಶ್ವಾಸ ಎಂಥದ್ದು ಎಂದು ಕೊಂಡಾಡಿದ್ದರಂತೆ.

ಈಗ ಅದೇ ಮಂದಿ ತಿರುತಿರುಗಿ ಅತ್ತೆಯನ್ನು ನೋಡುತ್ತಿದ್ದರು. ಅತ್ತೆ ಜೋಳದ ಚೀಲವನ್ನು ಇಡಬೇಕೋ ಹಿಡಿದುಕೊಳ್ಳಬೇಕೋ ತಿಳಿಯದೆ ನಿಂತರು, ಕೊನೆಗೆ ದಡಕ್ಕನೆ ಮೇಜಿನ ಮೇಲಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದುಕೊಂಡು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ.

ಮನೆಗೆ ಬಂದ ಮೇಲೆ ಚೀಟಿ ತೂಗುಹಾಕಬೇಕಲ್ಲ. ಎದುರು ಗೋಡೆಯ ಮೊಳೆ ಸಡಿಲವಾಗಿದೆ ಎಂದು ಅತ್ತೆ ಮಗನಿಗೆ ಹೇಳಿದರು. ಮೊಳೆ ಹೊಡೆದವನೇ ಅವನು, ಅದು ಸಡಿಲವಾಗಿಲ್ಲವೆಂದು ಅವನಿಗೂ ಗೊತ್ತಿತ್ತು. ಆದರೂ ಸುಮ್ಮನೆ, ತಾಯಿ ತೋರಿಸಿದ ಜಾಗದಲ್ಲಿ ಬೇರೊಂದು ಮೊಳೆ ಹೊಡೆದುಕೊಟ್ಟ. ಅದು ತಲೆಬಾಗಿಲ ಹಿಂದಿನ ಗೋಡೆ. ನಮ್ಮ ಕಡೆ ಬೆಳಗಾದರೆ ಬಾಗಿಲು ತೆರೆದಿಟ್ಟೇ ಇರುತ್ತದೆ. ತೆರೆದ ಬಾಗಿಲ ಹಿಂದೆ ವಚನ ಅಡಗಿ ಕೂತಿತು.

ತಿಂಗಳ ಕೊನೆಗೆ ಸೀಮೋನಪ್ಪನವರು ಬಂದರು. ಅತ್ತೆ ಎಂದೂ ಇಲ್ಲದ ಉಪಚಾರ ಮಾಡಿದರು. ಚಹಾ ಆಯಿತು, ಚುರಮುರಿ ಆಯಿತು, ಶೇಂಗಾ ಬೆಳೆ ಹೇಗೆ ಬಂತು ಎಂಬ ಮಾತಾಯಿತು. ನಮ್ಮದು ಹೊಲವೇ ಇಲ್ಲ, ಶೇಂಗಾದ ಚಿಂತೆ ನಮಗ್ಯಾಕೆ!

"ಈ ವರ್ಷದ ವಚನಾ ಎಲ್ಲಿ ಹಾಕೀರಿ, ಎಸ್ತೇರವ್ವಾರ?" ಎಂದು ಉಪದೇಶಿಯವರು ಕೊನೆಗೂ ಕೇಳಿದರು.

"ಐತ್ರಿ, ಐತಿ. ಇನ್ನೊಂದೀಟು ಚಾ ಹಾಕಲ್ರೀ?" ಎಂದರು ಅತ್ತೆ.

ನಾನು ಎದ್ದೆ. ನೇರವಾಗಿ ಹೋಗಿ ತಲೆಬಾಗಿಲನ್ನು ಮುಂದೆ ಮಾಡಿದೆ. "ಗಾಳಿ ಭಾಳ ಬರಾಕತ್ತಿತ್ತು ನೋಡ್ರಿ," ಎಂದೆ. ಗಾಳಿ ಎಲ್ಲಿತ್ತು, ಎಲೆಯೂ ಅಲುಗುತ್ತಿರಲಿಲ್ಲ. ಬಾಗಿಲು ಸರಿದದ್ದೇ ಗೋಡೆಯ ಮೇಲಿನ ಚೀಟಿ ಎಲ್ಲರ ಕಣ್ಣಿಗೆ ಬಿತ್ತು. ಅತ್ತೆ ನನ್ನತ್ತ ನೋಡಿದ ನೋಟ ಈಗಲೂ ನೆನಪಿದೆ. ಸಿಟ್ಟಿನ ನೋಟವಾಗಿದ್ದರೆ ನಾನು ಗೆದ್ದೆನೆಂದು ಹಿಗ್ಗುತ್ತಿದ್ದೆ. ಅದು ಬೇಡಿಕೊಳ್ಳುವ ನೋಟವಾಗಿತ್ತು, ಆದರೆ ಅಷ್ಟರಲ್ಲಿ ಬಾಗಿಲು ಮುಚ್ಚಿಯಾಗಿತ್ತು. ಸೀಮೋನಪ್ಪನವರು ಎದ್ದು ನಿಂತು ವಚನ ಓದಿ, ಕಣ್ಣು ಮುಚ್ಚಿ, ಈ ಮನೆಗೆ ಕೊಟ್ಟ ಮಾತನ್ನು ಈ ಮನೆಯಲ್ಲಿ ನೆರವೇರಿಸು ಕರ್ತನೇ ಎಂದು ಬೇಡಿಕೊಂಡು ಹೊರಟುಹೋದರು. ಬುದ್ಧಿಮಾತು ಒಂದೂ ಹೇಳಲಿಲ್ಲ. ಮುಂದಿನ ತಿಂಗಳಿನಿಂದ ಅವರು ಬಂದೊಡನೆ ತಾವೇ ಬಾಗಿಲು ಮುಂದೆ ಮಾಡತೊಡಗಿದರು.

ಅವತ್ತಿನಿಂದ ಅತ್ತೆಯ ಬಾಯಲ್ಲಿ ವಚನ ನಿಂತಿತು. ಹಾಲು ಉಕ್ಕಿ ಒಲೆ ಆರಿದರೂ ಇಲ್ಲ, ನಾನು ಬೇಕೆಂದೇ ಹೊತ್ತೇರುವವರೆಗೆ ಮಲಗಿದರೂ ಇಲ್ಲ. ಮೊದಮೊದಲು, ಅಬ್ಬಾ, ಕಿವಿಗೆ ಹಬ್ಬವಾಯಿತು ಅಂದುಕೊಂಡೆ. ಆಮೇಲೆ ಯಾಕೋ ಮನೆ ಭಣಭಣ ಅನ್ನತೊಡಗಿತು. ಅತ್ತೆ ಗದರಿದರೂ ಸಾಕು, ಏನಾದರೂ ಅಂದರೆ ಸಾಕು ಅನ್ನಿಸತೊಡಗಿತು. ಆದರೆ ಅವರು ಅಕ್ಕಿ ಆರಿಸುತ್ತ, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ ಕೂತಿರುತ್ತಿದ್ದರು.

ಶುಭ ಶುಕ್ರವಾರ ಬಂತು. ಅಂದು ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವವರು ಹಿಂದಿನ ದಿನವೇ ಹೋಗಿ ಉಪದೇಶಿಯವರಿಗೆ ಹೇಳಿ ಬರಬೇಕು. ಯಾರ ಮೇಲಾದರೂ ಮನಸ್ತಾಪ ಉಂಟೋ ಎಂದು ಅವರು ಕೇಳುತ್ತಾರೆ, ಇಲ್ಲವೆಂದು ಹೇಳಬೇಕು. ಎಷ್ಟೋ ವರ್ಷಗಳಿಂದ ಅತ್ತೆ ತಲೆಯೆತ್ತಿ ಇಲ್ಲವೆಂದು ಹೇಳಿ ಬಂದಿದ್ದರು. ಈ ಸಲ ಹೋಗಲಿಲ್ಲ, ಜ್ವರವೆಂದು ಹೊದ್ದು ಮಲಗಿದರು. ನಾನು ಹಣೆ ಮುಟ್ಟಿ ನೋಡಿದೆ, ಜ್ವರವೂ ಇಲ್ಲ ಏನೂ ಇಲ್ಲ. ಮಳೆಗಾಲದಲ್ಲಿ ಮತ್ತೊಮ್ಮೆ ಭೋಜನದ ಭಾನುವಾರ ಬಂದಾಗಲೂ ಅದೇ ಜ್ವರ. ಹಿರಿಯರ ಮನೆಯ ಹೆಂಗಸೇ ಭೋಜನದ ಮೇಜಿಗೆ ಬರುತ್ತಿಲ್ಲವೆಂದು ಸಭೆಯಲ್ಲಿ ಗುಸುಗುಸು ಎದ್ದಿತು.

ಸೀಮೋನಪ್ಪನವರು ಮನೆಗೆ ಬಂದು ಅಂಜುತ್ತ ಅಂಜುತ್ತಲೇ ಮಾತು ತೆಗೆದರು. "ಕ್ರಿಸ್ಮಸ್ಸಿಗೂ ನೀವು ಮೇಜಿಗೆ ಬರಲಿಲ್ಲಂದ್ರ ಹಿರಿಯರು ಕೇಳೇ ಕೇಳ್ತಾರ್ರಿ, ಎಸ್ತೇರವ್ವಾರ. ಹೆಸರು ತಗೀರಿ ಅಂದ್ರ ನಾ ಏನ್ ಮಾಡ್ಲಿ?"

ತಂಗಿಯ ಹೆಸರನ್ನು ಹೊಡೆದುಹಾಕಿದ ಸಭೆ ಅಕ್ಕನ ಹೆಸರನ್ನೂ ಹೊಡೆದುಹಾಕಬಹುದು ಎಂದು ಅತ್ತೆಗೆ ಅದೇ ಮೊದಲ ಸಲ ಹೊಳೆದಿರಬೇಕು. ಅವರಿಗೆ ಸಭೆ ಎಂದರೆ ಗಂಡನೂ ಅದೇ, ತವರೂ ಅದೇ.

ಒಂದು ಮಧ್ಯಾಹ್ನ ನಾನು ಬಾವಿಯಿಂದ ನೀರು ತಂದಾಗ ತಲೆಬಾಗಿಲು ಮುಚ್ಚಿತ್ತು. ಹಗಲು ಹೊತ್ತಿನಲ್ಲಿ ಬಾಗಿಲು ಯಾಕೆ ಹಾಕಿದರೆಂದು ಗಾಬರಿಯಾಗಿ ಹಿತ್ತಲಿನಿಂದ ಒಳಗೆ ಬಂದೆ. ಅತ್ತೆ ಬಾಗಿಲು ಮುಂದೆ ಮಾಡಿಕೊಂಡು ಚೀಟಿಯ ಎದುರು ನಿಂತಿದ್ದರು. ಸಾವಿರ ಸಲ ಬಾಯಿಪಾಠ ಒಪ್ಪಿಸಿದ ಮಾತನ್ನು ಈಗಷ್ಟೇ ಅಕ್ಷರ ಕಲಿತವರ ಹಾಗೆ, ಒಂದೊಂದೇ ಪದದ ಕೆಳಗೆ ಬೆರಳಿಟ್ಟು ಓದುತ್ತಿದ್ದರು.

"ಕೃಪಾ," ಎಂದು ತಿರುಗಿ ನೋಡದೆಯೇ ನನ್ನನ್ನು ಕರೆದರು. "ಅವತ್ತ ಬಾಗಲದಾಗ ನಾ ಹೇಳಿದ್ದೂ ದೇವರ ವಚನನ ಹೌದಲ್ಲೋ?"

"ಹೌದ್ರಿ, ಅತ್ತಿ."

"ಇದೂ ದೇವರ ವಚನನ."

"ಹೌದ್ರಿ."

"ಹಂಗಾದ್ರ ಅದನ್ನ ಹೇಳುಮುಂದ ನಾಲಿಗಿ ಅಷ್ಟ ಸರಳ ಹೆಂಗ ಹೊಳ್ಳಿತು? ಇದನ್ನ ಓದುಮುಂದ ಗಂಟಲಾ ಯಾಕ ಹಿಡಿತೈತಿ?"

ಕೊಡ ಇಳಿಸುವ ನೆಪದಲ್ಲಿ ಅಡಿಗೆಮನೆಗೆ ಹೋದೆ. ಅವತ್ತು ಉಪದೇಶಿಯವರ ಮುಂದೆ ನಾನು ಬಾಗಿಲು ಮುಚ್ಚಿದ್ದು ಯಾವ ವಚನದ ಪ್ರಕಾರ ಎಂದು ಯಾರಾದರೂ ಕೇಳಿದ್ದರೆ ನನಗೆ ನೆಲ ಬಾಯಿಬಿಟ್ಟರೆ ಸಾಕಾಗುತ್ತಿತ್ತು.

ಕ್ರಿಸ್ಮಸ್ಸಿಗೆ ಇನ್ನು ಸ್ವಲ್ಪ ದಿನವಿರುವಾಗ ಅತ್ತೆ, "ನಾಳೆ ಸವಣೂರಿಗೆ ಹೋಗಬೇಕು, ನೀನೂ ಬಾ," ಎಂದರು. ಓಣಿಯ ಲಕ್ಷ್ಮಪ್ಪನ ಚಕ್ಕಡಿ ಗೊತ್ತುಮಾಡಿದ್ದರು. ಬೆಳಿಗ್ಗೆ ಹೊರಡುವಾಗ ಅವರು ಮೊಳೆಯಿಂದ ಚೀಟಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡದ್ದನ್ನು ನಾನು ನೋಡಿದೆ. ಮೋಟಾರಿಗೆ ಹೋಗುವವರು ಟಿಕೀಟು ಕಟ್ಟಿಕೊಂಡ ಹಾಗೆ ಕಾಣಿಸಿತು. ನನಗೆ ಅದರಲ್ಲಿ ತಪ್ಪೇನೂ ತೋರಲಿಲ್ಲ, ಕಳಿಸಿದ್ದೇ ಆ ವಚನ ಅಲ್ಲವೇ?

ಸವಣೂರು ಆಗ ನವಾಬರ ಊರು. ಕೇಳುತ್ತ ಕೇಳುತ್ತ ಎಲೆಯವರ ಓಣಿ ಹೊಕ್ಕೆವು. ನಮ್ಮತ್ತೆ ಶಿಗ್ಗಾಂವದ ಸಂತೆಯಲ್ಲಿ ಎಲೆ ಕೊಳ್ಳುವಾಗ ಎಲ್ಲಿಯದೆಂದು ಕೇಳಿ, ಸವಣೂರಿನದೆಂದರೆ ಕೆಳಗಿಟ್ಟು ಬರುತ್ತಿದ್ದರು. ಇಲ್ಲಿ ಓಣಿಗೆ ಓಣಿಯೇ ಎಲೆಯ ವಾಸನೆ. ಒಂದು ಪಡಸಾಲೆಯಲ್ಲಿ ಒದ್ದೆ ಗೋಣಿತಟ್ಟಿನ ಮೇಲೆ ಎಲೆ ಹರವಿಕೊಂಡು ಒಬ್ಬ ಹೆಂಗಸು ತೊಟ್ಟು ಚಿವುಟಿ ಕಟ್ಟು ಕಟ್ಟುತ್ತಿದ್ದಳು. ಅತ್ತೆಯದೇ ಹಣೆ, ಅತ್ತೆಯದೇ ಮೂಗು. ನಮ್ಮನ್ನು ನೋಡಿದವಳು ಕಟ್ಟುವುದನ್ನು ನಿಲ್ಲಿಸಿದಳು.

"ಅಕ್ಕಾ," ಎಂದಳು. ಎದ್ದೇಳಲಿಲ್ಲ.

"ಬಂದೇನಿ, ರಾಹೇಲಾ," ಎಂದರು ಅತ್ತೆ. "ಸಮಾಧಾನ ಮಾಡ್ಕೊಳ್ಳೂಣು ಅಂತ ಬಂದೇನಿ."

"ಇಷ್ಟ ವರ್ಷ ಬಿಟ್ಟು ಈಗ್ಯಾಕ?"

ಅತ್ತೆ ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟರು. "ಈ ವರ್ಷ ನಮ್ಮ ಮನಿಗೆ ಈ ವಚನಾ ಬಂದೈತಿ."

ರಹಿಮಾಬಿ ಕೈ ಒರೆಸಿಕೊಂಡು ಚೀಟಿ ತೆಗೆದುಕೊಂಡಳು. ಅಕ್ಕನೊಂದಿಗೆ ಒಂದೇ ಶಾಲೆಯಲ್ಲಿ ಕಲಿತವಳು, ಸರಸರ ಓದಿದಳು. ಓದಿ ನಕ್ಕಳು. ಆ ನಗು ಕೇಳಿ ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

"ಅವತ್ತ ಒಂದು ವಚನಾ ಹೇಳಿ ಬಾಗಲಾ ಹಾಕಿದಿ. ಇವತ್ತ ಒಂದು ವಚನಾ ಬಂತಂತ ಬಾಗಲಿಗೆ ಬಂದಿ. ನಡುವ ನೀ ಎಲ್ಲಿದ್ದಿ, ಅಕ್ಕಾ? ಡಬ್ಬಿಯಾಗ ನಿನ್ನ ಕೈಗೆ ಬ್ಯಾರೆ ಚೀಟಿ ಬಂದಿದ್ರ ಬರತಿದ್ದೇನು?"

ಅತ್ತೆ ಬಾಯಿ ತೆರೆದರು. ಬರುತ್ತಿದ್ದೆ ಎಂದು ಹೇಳಿಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅತ್ತೆಗೆ ಸುಳ್ಳು ಹೇಳಲಾಗಲಿಲ್ಲ. ತಲೆ ಕೆಳಗೆ ಹಾಕಿದರು.

"ಮೇಜಿಗೆ ಬರಗೊಡೂದಿಲ್ಲ ಅಂದಿರಬೇಕು," ಎಂದಳು ರಹಿಮಾಬಿ. ಅವಳಿಗೆ ನಮ್ಮ ಸಭೆಯ ರೀತಿ ಗೊತ್ತಿಲ್ಲದ್ದೇನಲ್ಲ. "ಕುಂದರ್ರಿ. ನಮ್ಮ ಮನಿಗೆ ಬಂದವರು ಚಾ ಕುಡೀದ ಹೋಗೂದಿಲ್ಲ."

ಚಹಾ ಕೊಟ್ಟಳು. ಬಸಿಯಲ್ಲಿ ಬಿಸ್ಕೀಟೂ ಇಟ್ಟಳು. ಪಡಸಾಲೆಯಲ್ಲೇ ಕುಡಿದೆವು, ಒಳಗೆ ಕರೆಯಲಿಲ್ಲ. ಅಪರಿಚಿತರಿಗೆ ಮಾಡುವ ಮರ್ಯಾದೆಯನ್ನು ಒಂದೂ ಬಿಡದೆ ಮಾಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಏಳುವಾಗ ಚೀಟಿಯನ್ನು ಅತ್ತೆಯ ಅಂಗೈಯಲ್ಲಿಟ್ಟು, "ಮೊಳಿಗೆ ಹಾಕು. ತಂಗಿ ಮನಿಗೆ ಹೋಗಿ ಚಾ ಕುಡದು ಬಂದೆ ಅಂತ ಉಪದೇಶಿಗೆ ಹೇಳು. ಸುಳ್ಳೇನಲ್ಲ ಅದು," ಎಂದಳು.

ಚಕ್ಕಡಿ ಊರು ದಾಟಿದ ಮೇಲೆ ಲಕ್ಷ್ಮಪ್ಪ ಎತ್ತಿನ ಬಾಲ ತಿರುವುತ್ತ, "ತಂಗಿ ಚಲೋ ಅದಾರೇನ್ರೀ, ಅವ್ವಾರ?" ಎಂದು ಕೇಳಿದ.

"ಆಕಿ ಚಲೋ ಅದಾಳಪಾ. ನಾನ ಚಲೋ ಇಲ್ಲ," ಎಂದು ಅತ್ತೆ ಹೇಳಿದರು. ಶಿಗ್ಗಾಂವ ಬರುವವರೆಗೆ ಮುಖದ ಮೇಲಿನ ಸೆರಗು ತೆಗೆಯಲಿಲ್ಲ.

ಚಕ್ಕಡಿಗೆ ಗಾಲಿ ಎರಡೇ, ಸುದ್ದಿಗೆ ನಾಲ್ಕು. ಎಸ್ತೇರವ್ವ ಸವಣೂರಿಗೆ ಹೋಗಿ ತಂಗಿಯನ್ನು ಕಂಡು ಬಂದಳೆಂದು ಸಭೆಯಲ್ಲೆಲ್ಲ ಹಬ್ಬಿತು. ಮನೆಗೆ ಬಂದವರೆಲ್ಲ ಅತ್ತೆಯನ್ನು ಹೊಗಳಿದ್ದೇ ಹೊಗಳಿದ್ದು. ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಕರ್ಚಿಕಾಯಿಗೆ ಹೂರಣ ತುಂಬುತ್ತ ಕೂತರು. ಕ್ರಿಸ್ಮಸ್ಸಿನ ಆರಾಧನೆಯಲ್ಲಿ ರೊಟ್ಟಿ ಮುರಿಯುವ ಮೊದಲು ಸೀಮೋನಪ್ಪನವರು ಸಂತೋಷ ತಡೆಯಲಾರದೆ, ಈ ವರ್ಷ ಒಂದು ಮನೆಯಲ್ಲಿ ವಚನ ನೆರವೇರಿದ್ದಕ್ಕೆ ಕರ್ತನಿಗೆ ಸ್ತೋತ್ರ ಮಾಡೋಣ ಎಂದರು. ಎಲ್ಲರೂ ಎದ್ದು ನಿಂತರು. ಅತ್ತೆಯೂ ಎದ್ದು ನಿಂತರು.

"ಸ್ತೋತ್ರ ಬ್ಯಾಡ್ರಿ," ಎಂದರು. "ನೆರವೇರಿಲ್ಲ."

ಉಪದೇಶಿಯವರು ಕಣ್ಣು ಕಣ್ಣು ಬಿಟ್ಟರು.

"ನಾ ಹೋಗಿದ್ದು ಖರೆ. ತಂಗಿ ಸಲುವಾಗಿ ಹೋಗಿದ್ದಿಲ್ಲ. ಈ ಮೇಜಿಗೆ ಬರಬೇಕಂತ ಹೋಗಿದ್ದೆ, ನೀವೆಲ್ಲಾರೂ ನನ್ನ ಹೊರಗ ಹಾಕಬಾರದಂತ ಹೋಗಿದ್ದೆ. ನಾ ಬಾಗಲಾ ಹಾಕಿದಾಗೂ ನೀವು ನನ್ನ ಹೊಗಳಿದ್ರಿ, ಈಗೂ ಹೊಗಳಾಕತ್ತೀರಿ. ನನಗ ನಾಚಿಕಿ ಆಗತೈತ್ರಿ. ಹೆಸರು ಹೊಡದು ಹಾಕೂದಿದ್ರ ಹಾಕ್ರಿ."

ಹೇಳಿ, ಮೇಜಿನ ಮುಂದೆಯೇ ಹಾದು ಹೊರಗೆ ಹೋದರು. ಹಿರಿಯರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಆಮೇಲೆ ಒಬ್ಬೊಬ್ಬರೇ ಮೇಜಿಗೆ ಹೋದರು. ನನ್ನ ಸರದಿ ಬಂತು, ನನಗೆ ಏಳಲಾಗಲಿಲ್ಲ. ಒಬ್ಬ ಮುದುಕಿಯ ಮಾನವನ್ನು ಮಂದಿಯ ಮುಂದೆ ಹರಾಜು ಹಾಕಿ ಸೆರಗಿನಲ್ಲಿ ನಕ್ಕವಳು ನಾನು. ಯಾವ ಮುಖ ಹೊತ್ತುಕೊಂಡು ಹೋಗಲಿ? ಮನೆಗೆ ಬಂದು ಅತ್ತೆಯ ಕಾಲ ಬಳಿ ಕೂತು, "ಗಾಳಿ ಇದ್ದಿದ್ದಿಲ್ರಿ ಅವತ್ತ," ಎಂದೆ. "ನನಗ ಗೊತ್ತಿತ್ತು, ಹುಚ್ಚಿ," ಎಂದು ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು. ವಚನ ಹೇಳಲಿಲ್ಲ.

ಹೊಸ ವರ್ಷದ ಬೆಳಿಗ್ಗೆ ನಾನು ಎದ್ದು ನೋಡಿದರೆ ಅತ್ತೆ ಸ್ನಾನ ಮಾಡಿ, ಜೋಳದ ಚೀಲ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾರೆ. ಹೊರಗೆ ಲಕ್ಷ್ಮಪ್ಪನ ಎತ್ತುಗಳ ಗೆಜ್ಜೆ ಸದ್ದು.

"ಆರಾಧನಿಗೆ ಹೋಗೂದಿಲ್ಲೇನ್ರೀ? ಇವತ್ತ ವಚನಾ ತಗಿಯೂದೈತಿ."

"ಹ್ವಾದ ವರ್ಷದ್ದ ಇನ್ನೂ ಮುಗದಿಲ್ಲವಾ," ಎಂದರು ಅತ್ತೆ. ಚೀಟಿ ಮೊಳೆಯ ಮೇಲೆಯೇ ಇತ್ತು. ಅದರ ಕಡೆ ನೋಡದೆ ಚಕ್ಕಡಿ ಹತ್ತಿದರು, ಹಿಂದೆಯೇ ನಾನೂ ಹತ್ತಿದೆ. ಚರ್ಚಿನ ಮುಂದೆ ಬಂಡಿ ನಿಲ್ಲಿಸಲು ಹೇಳಿ, ಇಳಿದು ಹೋಗಿ ಜೋಳದ ಚೀಲವನ್ನು ಮೆಟ್ಟಿಲ ಮೇಲಿಟ್ಟು ಬಂದರು. ಇನ್ನೂ ಗಂಟೆ ಬಾರಿಸಿರಲಿಲ್ಲ, ಒಳಗೆ ಯಾರೂ ಇರಲಿಲ್ಲ.

ನಾವು ಸವಣೂರು ತಲುಪಿದಾಗ ರಹಿಮಾಬಿ ಪಡಸಾಲೆ ಗುಡಿಸುತ್ತಿದ್ದಳು. ನಮ್ಮನ್ನು ಕಂಡು ಕಸಬರಿಗೆ ಹಿಡಿದೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬಂದ್ಯಾ? ಹೊಸಾ ವರ್ಷ ಅಲ್ಲೇನು ಇವತ್ತ? ಯಾವ ಚೀಟಿ ಬಂತು ಈ ಸಲ?"

"ತಗದಿಲ್ಲ," ಎಂದು ಅತ್ತೆ ಎರಡೂ ಕೈ ತೋರಿಸಿದರು. "ಬರಿಗೈಲೆ ಬಂದೇನಿ. ನಿನಗೊಂದು ಮಾತು ಹೇಳಬೇಕಿತ್ತು. ಹೇಳಿ ಹೋಗತೇನಿ, ಚಾ ಬ್ಯಾಡ." ಕೈ ಕೆಳಗಿಳಿಸಿದರು. "ಅವತ್ತ ಅವ್ವಗ ನಿನ್ನ ಮಾರಿ ನೋಡೂದು ಬ್ಯಾಡಾಗೇತಿ ಅಂತ ಹೇಳಿದ್ನಲ್ಲ, ಅದು ಸುಳ್ಳು. ನೀ ಕಟ್ಟಿ ಮ್ಯಾಲ ಕುಂತಾಗ ಅವ್ವ ಒಳಗ ನಿನ್ನ ಕರಿಯಾಕತ್ತಿದ್ಲು. ಸಂಜಿತನಾ ಕರದ್ಲು. ನಾ ಆಕಿ ಮುಂದ ಕುಂತು ಜೋರಾಗಿ ಕೀರ್ತನಿ ಹಾಡಿದೆ, ಹೊರಗ ನಿನಗ ಕೇಳಬಾರದಂತ."

ಎವ್ವಾ! ಇದು ನನಗೂ ಗೊತ್ತಿರಲಿಲ್ಲ, ಅವರ ಮಗನಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ರಹಿಮಾಬಿಯ ಕೈಯಿಂದ ಕಸಬರಿಗೆ ಬಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಗಳಿ ಬಿದ್ದ ಸದ್ದು ಓಣಿಗೆಲ್ಲ ಕೇಳಿತು.

ಅತ್ತೆ ಕಟ್ಟೆಯ ಮೇಲೆ ಕೂತರು. ಎದುರು ಮನೆಯ ಹೆಂಗಸರು ಹೊರಗೆ ಬಂದು ನೋಡಿದರು, ಹೋಗಿಬರುವವರು ನಿಂತು ನೋಡಿದರು. ಬಿಸಿಲು ಕಟ್ಟೆಗೆ ಬಂತು. ನನ್ನ ಜೀವ ನಾಚಿಕೆಯಿಂದ ಹಿಡಿಯಷ್ಟಾಯಿತು.

"ಅತ್ತೀ, ಏಳ್ರಿ. ಮಂದಿ ನೋಡಾಕತ್ತಾರ."

"ನೋಡ್ಲಿ. ಆಕಿನ್ನೂ ನೋಡಿದ್ರಲ್ಲ ಅವತ್ತ, ಕೂಸು ಕಟ್ಗೊಂಡು ಕುಂತಾಗ. ನೀ ಚಕ್ಕಡ್ಯಾಗ ಕುಂದರು ಹೋಗು."

ನಾನು ಹೋಗಲಿಲ್ಲ. ಅವರ ಪಕ್ಕದಲ್ಲೇ ಕೂತೆ. ಬಿಸಿಲು ಕಟ್ಟೆ ದಾಟಿ ಗೋಡೆ ಏರಿದ ಮೇಲೆ ಅಗಳಿ ತೆಗೆದ ಸದ್ದಾಯಿತು. ರಹಿಮಾಬಿಯ ಕಣ್ಣುಗಳು ಊದಿದ್ದವು. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಏನಂತ ಕರದ್ಲು?" ಎಂದಳು.

ಅತ್ತೆ ಏಳಲು ಹೋದರು, ಮರಗಟ್ಟಿದ ಕಾಲು ಏಳಗೊಡಲಿಲ್ಲ. "ಆಂ?"

"ಅವ್ವ. ನನ್ನ ಏನಂತ ಕರದ್ಲು? ಪೂರಾ ಹೆಸರು ಹಿಡದು ಕರದ್ಲೇನು?"

"ಇಲ್ಲ," ಎಂದರು ಅತ್ತೆ. "ರಾಯೀ ಅಂತ ಕರದ್ಲು. ಸಣ್ಣಾಕಿದ್ದಾಗ ಉಣ್ಣಾಕ ಕರಿತಿದ್ಲಲ್ಲ, ಹಂಗ."

ರಹಿಮಾಬಿ ಕ್ಷಮಿಸಿದೆ ಎಂದು ಹೇಳಲಿಲ್ಲ. ಹೊಸ್ತಿಲಿನಿಂದ ಒಂದು ಕಡೆ ಸರಿದು ನಿಂತಳು.

"ಚಪ್ಪಲಿ ಹೊರಗ ಬಿಡಬ್ಯಾಡ್ರಿ," ಎಂದಳು. "ನಾಯಿ ಒಯ್ತಾವು."

ಅತ್ತೆ ಗೋಡೆ ಹಿಡಿದು ಎದ್ದರು. ನಾನು ಇಬ್ಬರ ಚಪ್ಪಲಿಗಳನ್ನೂ ಕೈಗೆತ್ತಿಕೊಂಡು ಅವರ ಹಿಂದೆ ಒಳಗೆ ಹೋದೆ.